ಚಾರ್ಟಿನಲ್ಲಿ ಹನ್ನೆರಡು ಟಿಕ್, ಬೆನ್ನ ಮೇಲೆ ಹುಣ್ಣು: ಇದನ್ನು ಥೀಸಿಸ್‌ನಲ್ಲಿ ಅಳೆಯುವುದು ಹೇಗೆ?

ವಾರ್ಡ್_ಸಿಸ್ಟರ್ (ಕಲಬುರಗಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂ.ಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ, ಮೊದಲ ವರ್ಷ. ಅದಕ್ಕೂ ಮುಂಚೆ ಆರು ವರ್ಷ ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಥೀಸಿಸ್‌ಗೆ ವಿಷಯ ಕೊಡುವ ಸಮಯ ಬಂದಿದೆ. ಲೈಬ್ರರಿಯಲ್ಲಿ ಸೀನಿಯರ್‌ಗಳ ಥೀಸಿಸ್ ತೆಗೆದು ನೋಡಿದರೆ ಹೆಚ್ಚು ಕಡಿಮೆ ಎಲ್ಲವೂ ಒಂದೇ ಥರ ಇವೆ. ಮೂವತ್ತು ಪ್ರಶ್ನೆ ಕೊಡುವುದು, ಒಂದು ಪಾಠ ಮಾಡುವುದು, ಏಳು ದಿನ ಬಿಟ್ಟು ಅದೇ ಮೂವತ್ತು ಪ್ರಶ್ನೆ ಮತ್ತೆ ಕೊಡುವುದು, ಮಾರ್ಕ್ಸ್ ಜಾಸ್ತಿ ಆಯಿತು ಅಂತ ಬರೆಯುವುದು. ನನಗೂ ಅದೇ ದಾರಿ ಹಿಡಿ, ಬೇಗ ಮುಗಿಯುತ್ತದೆ ಅಂತ ಹೇಳುತ್ತಿದ್ದಾರೆ.

ನನಗೆ ಆಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಕೆಲಸ ಮಾಡುತ್ತಿದ್ದ ವಾರ್ಡಿಗೆ ಜೇವರ್ಗಿ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ ಬಂದಿದ್ದರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಅಂತ ಬರೆದಿತ್ತು, ಚಾರ್ಟಿನಲ್ಲಿ ದಿನಕ್ಕೆ ಹನ್ನೆರಡು ಟಿಕ್ ಕೂಡ ಇತ್ತು. ಒಂಬತ್ತನೇ ದಿನ ಮೈ ಒರೆಸಲು ಹೊರಳಿಸಿದಾಗ ಟೊಂಕದ ಕೆಳಗೆ ಚರ್ಮ ಬಿಟ್ಟುಹೋಗಿತ್ತು, ಒಂದೇ ಮಗ್ಗಲಿಗೆ ಮಲಗಿ ಒತ್ತಿ ಆಗುವ ಹುಣ್ಣು, ಬೆಡ್‌ಸೋರ್ ಅನ್ನುತ್ತೇವಲ್ಲ, ಅದು. ಆ ಟಿಕ್‌ಗಳಲ್ಲಿ ಕೆಲವು ನಾನೇ ಹಾಕಿದ್ದೆ. ರಾತ್ರಿ ಇಬ್ಬರೇ ಇದ್ದೆವು, ನಲವತ್ತಕ್ಕೂ ಜಾಸ್ತಿ ಪೇಶಂಟ್, ಬೆಳಗಿನ ಹ್ಯಾಂಡೋವರ್‌ಗೆ ಮುಂಚೆ ಸಾಲಾಗಿ ಟಿಕ್ ಹಾಕಿಬಿಡುವುದು ರೂಢಿಯಾಗಿತ್ತು. ಅಜ್ಜನ ಸೊಸೆ ಹತ್ತಿರವೇ ನೆಲದ ಮೇಲೆ ಕೌದಿ ಹಾಸಿಕೊಂಡು ಮಲಗುತ್ತಿದ್ದಳು. ಅವಳು ಕೇಳಿದ್ದು ಒಂದೇ ಮಾತು: ಮೊದಲೇ ಹೇಳಿದ್ದರೆ ನಾನೇ ಹೊರಳಿಸುತ್ತಿದ್ದೆನಲ್ಲ ಸಿಸ್ಟರ್?

ನಾವ್ಯಾರೂ ಆ ಪರೀಕ್ಷೆಯ ಮೂವತ್ತು ಪ್ರಶ್ನೆಗಳಲ್ಲಿ ಫೇಲ್ ಆಗುತ್ತಿರಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ನನಗೆ ಅಳೆಯಬೇಕಾಗಿರುವುದು ಚರ್ಮವನ್ನು, ಮಾರ್ಕ್ಸನ್ನಲ್ಲ. ಎಷ್ಟು ಜನರಿಗೆ ನಮ್ಮ ವಾರ್ಡಿಗೆ ಬಂದ ಮೇಲೆ ಹುಣ್ಣಾಯಿತು, ಯಾವ ದಿನ ಆಯಿತು, ನಿಜವಾಗಿ ಎಷ್ಟು ಸಲ ಮಗ್ಗಲು ಬದಲಾಯಿತು, ಬದಲಿಸಿದ್ದು ಯಾರು. ಒಬ್ಬಳೇ ಇದನ್ನು ಮಾಡಬಹುದಾ? ಎಲ್ಲಿಂದ ಶುರು ಮಾಡಲಿ? ಪೇಶಂಟ್ ಕಡೆಯವರನ್ನೂ ಇದರಲ್ಲಿ ಸೇರಿಸಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಪಾಠದ_ಮೇಡಂ (ಕಲಬುರಗಿ):

ತಂಗಿ, ಮಾಡಬಹುದು. ವಿಷಯ ಬಿಡಬೇಡ. ನಾನು ಹದಿನಾಲ್ಕು ವರ್ಷದಿಂದ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ, ಆ ಮೂವತ್ತು ಪ್ರಶ್ನೆಯ ಥೀಸಿಸ್‌ಗಳಿಗೆ ನಾನೂ ಗೈಡ್ ಆಗಿದ್ದೇನೆ, ಈಗ ಅದರ ಬಗ್ಗೆ ನನಗೆ ಸಮಾಧಾನ ಇಲ್ಲ. ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಅಂತ ಅಮೆರಿಕದ ವೈದ್ಯ ಡೋನಬೇಡಿಯನ್ 1966ರಲ್ಲೇ ಬರೆದರು. ಏನೇನು ಇದೆ, ಏನು ಮಾಡುತ್ತೇವೆ, ಪೇಶಂಟ್‌ಗೆ ಏನಾಯಿತು. ನಾವು ನರ್ಸಿನ ತಲೆಯೊಳಗೆ ಏನಿದೆ ಅಂತ ಮಾತ್ರ ಅಳೆದು ನಿಲ್ಲಿಸುತ್ತೇವೆ. ಪೇಶಂಟ್‌ನ ಬೆನ್ನಿನವರೆಗೆ ಹೋಗುವುದೇ ಇಲ್ಲ.

ಈಗ ಕೆಲಸದ ಮಾತು. ಮೊದಲು ಒಂದು ಗೊಂದಲ ಬಿಡಿಸಿಕೋ. ಇವತ್ತು ವಾರ್ಡಿನಲ್ಲಿ ಎಷ್ಟು ಜನಕ್ಕೆ ಹುಣ್ಣಿದೆ ಅಂತ ಎಣಿಸುವುದು ಬೇರೆ, ಇಲ್ಲಿಗೆ ಬಂದ ಮೇಲೆ ಹೊಸದಾಗಿ ಎಷ್ಟು ಜನಕ್ಕೆ ಆಯಿತು ಅಂತ ಎಣಿಸುವುದು ಬೇರೆ. ನಿನಗೆ ಬೇಕಾಗಿರುವುದು ಎರಡನೆಯದು. ಅದಕ್ಕೆ ಅಡ್ಮಿಟ್ ಆದ ದಿನವೇ ತಲೆಯಿಂದ ಹಿಮ್ಮಡಿವರೆಗೆ ಚರ್ಮ ನೋಡಿ ಬರೆದಿಡಬೇಕು. ನಮ್ಮ ಕಡೆ ಎಷ್ಟೋ ಜನ ಬೇರೆ ಆಸ್ಪತ್ರೆಯಲ್ಲಿ ಎಂಟು ಹತ್ತು ದಿನ ಮಲಗಿ, ದುಡ್ಡು ಮುಗಿದ ಮೇಲೆ ಬರುತ್ತಾರೆ, ಹುಣ್ಣು ಆಗಲೇ ಬಂದಿರುತ್ತದೆ. ಮೊದಲ ದಿನ ನೋಡಿರದಿದ್ದರೆ ಅದೂ ನಿಮ್ಮ ವಾರ್ಡಿನ ಲೆಕ್ಕಕ್ಕೆ ಸೇರುತ್ತದೆ.

ಲೆಕ್ಕ ಮಾಡುವುದು ಪೇಶಂಟ್ ದಿನಗಳ ಮೇಲೆ. ನೀನು ನೋಡಿಕೊಂಡ ಪ್ರತಿಯೊಬ್ಬರೂ ಎಷ್ಟು ದಿನ ಇದ್ದರು ಅಂತ ಕೂಡಿಸು. ಸುಮ್ನೆ ಉದಾಹರಣೆಗೆ, ಒಟ್ಟು 1,800 ದಿನ ಆಯಿತು, ಹೊಸ ಹುಣ್ಣು 9 ಅಂದರೆ, 9 ಅನ್ನು 1,800ರಿಂದ ಭಾಗಿಸಿ 1,000ದಿಂದ ಗುಣಿಸು, ಸಾವಿರ ಪೇಶಂಟ್ ದಿನಕ್ಕೆ 5 ಬರುತ್ತದೆ. ಶೇಕಡಾ ಲೆಕ್ಕ ಹಾಕಿದರೆ ಎರಡೇ ದಿನಕ್ಕೆ ಡಿಸ್ಚಾರ್ಜ್ ಆದವರೂ ಇಪ್ಪತ್ತು ದಿನ ಮಲಗಿದವರೂ ಒಂದೇ ತೂಕಕ್ಕೆ ಬರುತ್ತಾರೆ. ವೈದ್ಯರ ಮಾತು ಮೀರಿ ಹೆಸರು ಹೊಡೆಸಿಕೊಂಡು ಹೋದವರದ್ದೂ ಹೋದ ದಿನದವರೆಗೆ ಲೆಕ್ಕ ಬೇಕು, ಬಿಟ್ಟುಬಿಡಬೇಡ.

ಯಾರಿಗೆ ಅಪಾಯ ಜಾಸ್ತಿ ಅಂತ ತಿಳಿಯಲು ಬ್ರೇಡನ್ ಸ್ಕೇಲ್ ಇದೆಯಲ್ಲ, 1987ರಲ್ಲಿ ಪ್ರಕಟವಾದದ್ದು. ನೋವು ಗೊತ್ತಾಗುತ್ತದಾ, ಚರ್ಮ ಒದ್ದೆ ಇದೆಯಾ, ಎದ್ದು ಓಡಾಡುತ್ತಾರಾ, ಹಾಸಿಗೆಯಲ್ಲಿ ತಾವೇ ಹೊರಳುತ್ತಾರಾ, ಊಟ ಹೇಗೆ, ಮೈ ಉಜ್ಜಿ ಜಾರುತ್ತದಾ. ಈ ಆರು ನೋಡಿ ಅಂಕ ಕೊಡುವುದು. 6ರಿಂದ 23ರವರೆಗೆ ಇರುತ್ತದೆ, ಅಂಕ ಕಡಿಮೆ ಆದಷ್ಟೂ ಅಪಾಯ ಜಾಸ್ತಿ, 18 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ಸಾಮಾನ್ಯವಾಗಿ ಅಪಾಯದವರು ಅಂತ ಹಿಡಿಯುತ್ತಾರೆ. ಅಂಕ ಒಟ್ಟು ಮಾತ್ರ ಬರೆಯಬೇಡ, ಆರನ್ನೂ ಬೇರೆ ಬೇರೆ ಬರೆ. ನಮ್ಮ ಮೇ ತಿಂಗಳಲ್ಲಿ ಒದ್ದೆಯ ಅಂಕ ಏನಾಗುತ್ತದೆ ಅಂತ ನೋಡುವುದಕ್ಕೇ ಅದು ಬೇಕು.

ಇನ್ನೊಂದು. ಮೊದಲ ಇಪ್ಪತ್ತು ಪೇಶಂಟ್‌ಗಳನ್ನು ನೀನೂ ಇನ್ನೊಬ್ಬ ಸಿಸ್ಟರೂ ಬೇರೆ ಬೇರೆಯಾಗಿ, ಒಬ್ಬರದ್ದು ಒಬ್ಬರು ನೋಡದೆ ಪರೀಕ್ಷಿಸಿ ಬರೆಯಿರಿ. ಆಮೇಲೆ ಎಷ್ಟು ಹೊಂದುತ್ತದೆ ನೋಡಿ, ಅದಕ್ಕೆ ಕಪ್ಪಾ ಅನ್ನುವ ಲೆಕ್ಕ ಇದೆ, ಆಕಸ್ಮಿಕವಾಗಿ ಹೊಂದಿದ್ದನ್ನು ಕಳೆದು ಇಬ್ಬರದ್ದು ನಿಜವಾಗಿ ಎಷ್ಟು ಹೊಂದಿತು ಅಂತ ಹೇಳುತ್ತದೆ. ಇಬ್ಬರ ಕಣ್ಣಿಗೆ ಒಂದೇ ಕಾಣದಿದ್ದರೆ ಮುಂದೆ ಮಾಡುವ ಲೆಕ್ಕಕ್ಕೆ ಅರ್ಥ ಇಲ್ಲ.

ಬೀದರ್_ಅಕ್ಕ:

ಮೇಡಂ ಹೇಳಿದ್ದು ಸರಿ. ನಾನು ಬೀದರ್‌ನಲ್ಲಿ ವಾರ್ಡ್ ಇನ್‌ಚಾರ್ಜ್, ಇಪ್ಪತ್ತೆರಡು ವರ್ಷ ಆಯಿತು. ಆ ಇಬ್ಬರ ಕಣ್ಣಿನ ಮಾತಿಗೆ ಒಂದು ಸೇರಿಸುತ್ತೇನೆ, ಯಾಕೆಂದರೆ ಪುಸ್ತಕದಲ್ಲಿ ಇದು ತೊಂದರೆ ಕೊಡುತ್ತದೆ.

ಹುಣ್ಣಿನ ಮೊದಲ ಹಂತ ಅಂದರೆ ಚರ್ಮ ಬಿಡದೆ ಕೆಂಪಾಗಿರುವುದು, ಬೆರಳಿಂದ ಒತ್ತಿದರೂ ಬೆಳ್ಳಗಾಗದಿರುವುದು ಅಂತ ಬರೆದಿರುತ್ತದೆ. ಪುಸ್ತಕದ ಚಿತ್ರವೂ ಬಿಳಿ ಚರ್ಮದ್ದೇ ಇರುತ್ತಿತ್ತು. ಹೊಲದಲ್ಲಿ ದುಡಿದ ನಮ್ಮ ಜನರ ಚರ್ಮದ ಮೇಲೆ ಕೆಂಪು ಎಲ್ಲಿ ಕಾಣುತ್ತದೆ? ಕಪ್ಪು ಅಥವಾ ನೇರಳೆ ಆಗಿ ಕಾಣುತ್ತದೆ, ಕೆಲವೊಮ್ಮೆ ಏನೂ ಕಾಣುವುದಿಲ್ಲ. ಕೈಯಿಂದ ಮುಟ್ಟಬೇಕು. ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಆಗಿದೆಯಾ, ಇಲ್ಲ ಮೆತ್ತಗಾಗಿದೆಯಾ, ಮುಟ್ಟಿದರೆ ಮುಖ ಹಿಂಡುತ್ತಾರಾ. ನಿನ್ನ ಫಾರ್ಮಿನಲ್ಲಿ ಬಣ್ಣದ ಜೊತೆಗೆ ಬಿಸಿ, ಗಟ್ಟಿ, ನೋವು ಅಂತ ಮೂರು ಮನೆ ಹಾಕಿಕೋ. ಇಲ್ಲದಿದ್ದರೆ ಮೊದಲ ಹಂತ ನಿನ್ನ ಲೆಕ್ಕದಲ್ಲಿ ಸೊನ್ನೆ ಬರುತ್ತದೆ, ನೇರ ಚರ್ಮ ಬಿಟ್ಟ ಎರಡನೇ ಹಂತದಿಂದಲೇ ಹುಣ್ಣು ಶುರುವಾದ ಹಾಗೆ ಕಾಣುತ್ತದೆ. ಟಾರ್ಚ್ ಇಟ್ಟುಕೋ, ನಮ್ಮ ವಾರ್ಡಿನ ಟ್ಯೂಬ್‌ಲೈಟ್ ನಂಬಬೇಡ.

ಆಮೇಲೆ ಹುಣ್ಣು ಬರೀ ಮಲಗಿದ್ದಕ್ಕೆ ಬರುವುದಿಲ್ಲ, ಎಳೆಯುವುದರಿಂದಲೂ ಬರುತ್ತದೆ. ಪೇಶಂಟ್ ಕೆಳಗೆ ಜಾರಿದಾಗ ಇಬ್ಬರು ಕಂಕುಳಲ್ಲಿ ಕೈ ಹಾಕಿ ಮೇಲಕ್ಕೆ ಎಳೆಯುತ್ತಾರೆ, ನಮ್ಮ ಹುಡುಗಿಯರೂ ಎಳೆಯುತ್ತಾರೆ, ಮನೆಯವರೂ ಎಳೆಯುತ್ತಾರೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಒಳಗಿನ ಎಲುಬು ಮೇಲೆ ಹೋಗುತ್ತದೆ, ನಡುವಿನ ರಕ್ತನಾಳ ತಿರುಚಿಕೊಳ್ಳುತ್ತದೆ. ನಾನು ಹಳೆಯ ಕಾಟನ್ ಸೀರೆ ತರಿಸುತ್ತೇನೆ, ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆವರೆಗೆ ಬರುವಂತೆ ಕೆಳಗೆ ಹಾಸಿ, ಎರಡೂ ಕಡೆ ಹಿಡಿದು ಎತ್ತಿ ಸರಿಸುವುದು. ಪ್ರತಿ ಮನೆಯಲ್ಲೂ ಹಳೆ ಸೀರೆ ಇರುತ್ತದೆ. ಮತ್ತೆ ತಲೆ ಕಡೆ ಮಂಚ ತುಂಬಾ ಎತ್ತಿ ಗಂಟೆಗಟ್ಟಲೆ ಕೂರಿಸಬೇಡಿ. ಊಟ ಆದ ಸ್ವಲ್ಪ ಹೊತ್ತಿನ ಮೇಲೆ, ಡಾಕ್ಟರ್ ಬೇಡ ಅನ್ನದಿದ್ದರೆ, 30 ಡಿಗ್ರಿಗೆ ಇಳಿಸಿ.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ರೆಕ್ಸಿನ್ ಮೇಲೆ ನೇರ ಮಲಗಿಸಿದರೆ ಅರ್ಧ ತಾಸಿನಲ್ಲಿ ಬೆನ್ನು ನೀರು. ಮೇಲೆ ಪೌಡರ್ ಸುರಿಯುತ್ತಾರೆ, ಅದು ಬೆವರಿಗೆ ಉಂಡೆ ಕಟ್ಟಿ ಉಜ್ಜುತ್ತದೆ. ಕೆಂಪಾದ ಎಲುಬಿನ ಮೇಲೆ ತಿಕ್ಕಿ ಮಾಲೀಶ್ ಮಾಡುವುದು, ಮಧ್ಯೆ ತೂತಿರುವ ರಬ್ಬರ್ ರಿಂಗ್ ಇಡುವುದು, ಎರಡೂ ತಪ್ಪು. ನಾನು ಕಲಿತಾಗ ಬೆನ್ನಿಗೆ ಸ್ಪಿರಿಟ್ ಹಚ್ಚಿ ತಿಕ್ಕಲು ಹೇಳಿಕೊಟ್ಟಿದ್ದರು, ನಾನೂ ಎಷ್ಟೋ ವರ್ಷ ಮಾಡಿದೆ. ಈಗ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಒಂದು ಎಚ್ಚರಿಕೆ. ನೀನು ಸರಿಯಾಗಿ ಎಣಿಸಲು ಶುರು ಮಾಡಿದ ತಿಂಗಳು ಸಂಖ್ಯೆ ಜಾಸ್ತಿ ಆಗುತ್ತದೆ. ಹುಣ್ಣು ಜಾಸ್ತಿ ಆದದ್ದಲ್ಲ, ಕಾಣಿಸಿದ್ದು ಜಾಸ್ತಿ ಆದದ್ದು. ಮೇಲಿನವರಿಗೆ ಇದನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸು. ಇಲ್ಲದಿದ್ದರೆ ಯಾರೋ ಪಾಪದ ಸ್ಟಾಫ್‌ಗೆ ಮೆಮೊ ಹೋಗುತ್ತದೆ, ಮರುದಿನದಿಂದ ಯಾರೂ ನಿನಗೆ ಬೆನ್ನು ತೋರಿಸುವುದಿಲ್ಲ.

ನೈಟ್_ಡ್ಯೂಟಿ:

ನಾನು ಯಾದಗಿರಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಸ್ಟಾಫ್ ನರ್ಸ್. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಇಂಥ ಸ್ಟಡಿ ಬಂದಾಗಲೆಲ್ಲ ನಮಗೆ ಇನ್ನೊಂದು ಫಾರ್ಮ್ ಬರುತ್ತದೆ, ಕೈ ಮಾತ್ರ ಜಾಸ್ತಿ ಆಗುವುದಿಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪ್ರಕಾರ ಟೀಚಿಂಗ್ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಪೇಶಂಟ್‌ಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು. ನನಗೆ ನಿನ್ನೆ ರಾತ್ರಿ ಇಪ್ಪತ್ತೆಂಟು ಇದ್ದರು. ಅದರಲ್ಲಿ ತಾವೇ ಹೊರಳಲಾಗದವರು ಆರು. ಒಬ್ಬರನ್ನು ಸರಿಯಾಗಿ ಹೊರಳಿಸಿ, ದಿಂಬು ಇಟ್ಟು, ಬಟ್ಟೆ ಸರಿ ಮಾಡಲು ಹತ್ತು ನಿಮಿಷ, ಅದೂ ಇಬ್ಬರು ಬೇಕು. ಆರು ಜನಕ್ಕೆ ಒಂದು ತಾಸು. ಎರಡು ತಾಸಿಗೊಮ್ಮೆ ಅಂದರೆ ನನ್ನ ಅರ್ಧ ರಾತ್ರಿ ಇದಕ್ಕೇ ಹೋಯಿತು, ಇಂಜೆಕ್ಷನ್ ಯಾರು ಕೊಡಬೇಕು, ಸಲೈನ್ ಯಾರು ನೋಡಬೇಕು?

ಸುಳ್ಳು ಟಿಕ್ ಹಾಕುವುದನ್ನು ನಾನು ಸರಿ ಅನ್ನುತ್ತಿಲ್ಲ. ಆದರೆ ಖಾಲಿ ಬಿಟ್ಟರೆ ಬೈಸಿಕೊಳ್ಳುವ ಕಡೆ ಖಾಲಿ ಯಾರು ಬಿಡುತ್ತಾರೆ ಹೇಳಿ.

ಪಾಠದ_ಮೇಡಂ:

ನೀವು ಹೇಳಿದ್ದೇ ಈ ಸ್ಟಡಿಯ ಒಳಗೆ ಬರಬೇಕು. 2002ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಲೆಕ್ಕ ಪ್ರಕಟಿಸಿದರು. ಆಪರೇಷನ್ ಆದವರಲ್ಲಿ, ಒಬ್ಬ ನರ್ಸಿಗೆ ಒಬ್ಬ ಪೇಶಂಟ್ ಜಾಸ್ತಿ ಆದರೆ, 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲೂ ಹತ್ತಿರ ಹತ್ತಿರ ಅದೇ ಬಂತು. ಅಲ್ಲಿ ನರ್ಸ್ ಕೊರತೆ ಅಂತ ಬಾಯಲ್ಲಿ ಹೇಳಿ ಬಿಡಲಿಲ್ಲ, ಪೇಶಂಟ್‌ಗೆ ಏನಾಯಿತು ಅನ್ನುವುದರ ಪಕ್ಕದಲ್ಲೇ ಇಟ್ಟು ತೋರಿಸಿದರು. ನಾವು ಬರೆದು ಇಡುವುದೇ ಇಲ್ಲ, ಹಾಗಾಗಿ ನಮ್ಮ ಮಾತು ದೂರಿನ ಹಾಗೆ ಕೇಳಿಸುತ್ತದೆ.

ತಂಗಿ, ಪ್ರತಿ ಪಾಳಿಯಲ್ಲೂ ಎಷ್ಟು ನರ್ಸ್, ಎಷ್ಟು ಪೇಶಂಟ್, ಅದರಲ್ಲಿ ಹೊರಳಲಾಗದವರು ಎಷ್ಟು, ಈ ಮೂರು ಸಂಖ್ಯೆ ನೀನೇ ಬರೆದುಕೋ. ಸ್ಟಾಫ್ ಕೈಗೆ ಫಾರ್ಮ್ ಕೊಡಬೇಡ. ಚಾರ್ಟಿನ ಟಿಕ್ ನಂಬದೆ ನೀನೇ ಬೇರೆ ಬೇರೆ ಹೊತ್ತಿಗೆ, ಮುಂಚೆ ಹೇಳದೆ, ಹೋಗಿ ಪೇಶಂಟ್ ಯಾವ ಮಗ್ಗಲಿಗೆ ಇದ್ದಾರೆ ಅಂತ ನೋಡು. ಯಾವ ಹೊತ್ತು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸು. ಮೊದಲ ಒಂದು ವಾರ ನೀನು ಬಂದೆ ಅಂತಲೇ ಎಲ್ಲರೂ ಹೊರಳಿಸುತ್ತಾರೆ, ಆ ವಾರದ ಲೆಕ್ಕವನ್ನು ಬೇರೆ ಇಡು.

ಎರಡು ತಾಸು ಅನ್ನುವುದೂ ಶಿಲಾಶಾಸನ ಅಲ್ಲ. ಅಮೆರಿಕ, ಕೆನಡಾದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಒಂದು ಸ್ಟಡಿಯಲ್ಲಿ ಎರಡು, ಮೂರು, ನಾಲ್ಕು ತಾಸಿಗೊಮ್ಮೆ ಹೊರಳಿಸಿದವರ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲ ಮಲಗಿದ್ದು ದಪ್ಪ ಫೋಮ್ ಹಾಸಿಗೆ ಮೇಲೆ. ನಮ್ಮ ಕಬ್ಬಿಣದ ಮಂಚ, ಚಪ್ಪಟೆಯಾದ ಗಾದಿಗೆ ಅದನ್ನು ತಂದು ಹಚ್ಚುವ ಹಾಗಿಲ್ಲ. ಹಾಗಾಗಿ ಗಾದಿ ಎಂಥದ್ದು ಅಂತಲೂ ಬರೆ.

ಶಹಾಪುರದ_ಮಗ:

ನಾನು ನರ್ಸ್ ಅಲ್ಲ, ಶಹಾಪುರ ಹತ್ತಿರ ಹೊಲ ಮಾಡಿಕೊಂಡಿದ್ದೇನೆ. ಈ ಚರ್ಚೆ ಓದಿ ಸುಮ್ಮನಿರಲು ಆಗಲಿಲ್ಲ. ಹೋದ ವರ್ಷ ಅವ್ವ ಜಾರಿ ಬಿದ್ದು ತೊಡೆ ಕೀಲು ಮುರಿದಿತ್ತು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದೆವು. ಹೊರಳಿಸುತ್ತಾ ಇರಿ ಅಂತ ಹೇಳಿದರು, ನಿಜ. ಹೇಗೆ ಅಂತ ತೋರಿಸಲಿಲ್ಲ. ಮುರಿದ ಕಾಲು ಮುಟ್ಟಿದರೆ ಅವ್ವ ಚೀರುತ್ತಿದ್ದಳು, ನಮಗೆ ಹೆದರಿಕೆ, ಎಲುಬು ಮತ್ತೆ ಸರಿದರೆ ಅಂತ. ಮುಟ್ಟದೆ ಇರುವುದೇ ಅವಳಿಗೆ ಒಳ್ಳೆಯದು ಅಂದುಕೊಂಡೆವು. ಹಿಮ್ಮಡಿಯಲ್ಲಿ ಆದ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಒಂದು ದಿನ ಒಬ್ಬ ಸಿಸ್ಟರ್ ಬಂದು ಹಿಮ್ಮಡಿ ಗಾದಿಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಟ್ಟು, ಎರಡು ಸಲ ಮಾಡಿ ತೋರಿಸಿ, ಮೂರನೇ ಸಲ ನನ್ನ ತಮ್ಮನ ಕೈಯಿಂದ ಮಾಡಿಸಿದರು. ಅವರನ್ನು ನಾವು ಮರೆತಿಲ್ಲ. ಆದರೆ ಆಗ ತೊಗರಿ ರಾಶಿಯ ಸಮಯ. ಮರುದಿನ ತಮ್ಮ ಊರಿಗೆ ಹೋದ, ಅಕ್ಕ ಬಂದಳು. ಎರಡು ದಿನ ಬಿಟ್ಟು ಅಕ್ಕ ಹೋದಳು, ನಾನು ಬಂದೆ. ಕಲಿತವನು ಹೊಲದಲ್ಲಿ, ಕಲಿಯದವರು ಆಸ್ಪತ್ರೆಯಲ್ಲಿ. ನಿಮ್ಮ ಸಿಸ್ಟರ್‌ಗಳಿಗೆ ಪಾಳಿ ಬದಲಾದರೆ ಒಬ್ಬರಿಗೊಬ್ಬರು ಹೇಳಿಹೋಗುವ ಪದ್ಧತಿ ಇದೆಯಂತಲ್ಲ, ನಮಗೂ ಪಾಳಿ ಇರುತ್ತದೆ ರೀ, ಅದು ಯಾರ ಲೆಕ್ಕದಲ್ಲೂ ಇಲ್ಲ.

ವಾರ್ಡ್_ಸಿಸ್ಟರ್ (ಕಲಬುರಗಿ):

ಅಣ್ಣಾ, ನೀವು ಬರೆದದ್ದನ್ನು ಮೂರು ಸಲ ಓದಿದೆ. ಆರು ವರ್ಷ ವಾರ್ಡಿನಲ್ಲಿದ್ದು ನನಗೆ ಇದು ಹೊಳೆದಿರಲಿಲ್ಲ. ಮಂಚದ ಪಕ್ಕ ಯಾರೋ ಒಬ್ಬರು ಇದ್ದಾರೆ ಅಂತ ಮಾತ್ರ ನೋಡುತ್ತಿದ್ದೆವು, ನಿನ್ನೆ ಇದ್ದವರೇನಾ ಅಂತ ನೋಡುತ್ತಿರಲಿಲ್ಲ. ನನ್ನ ಫಾರ್ಮಿನಲ್ಲಿ ಈಗ ಇನ್ನೊಂದು ಸಾಲು ಸೇರಿಸಿದೆ: ಇವತ್ತು ಜೊತೆಗಿರುವವರು ಯಾರು, ಹೊಸಬರಾ, ಇವರಿಗೆ ಯಾರಾದರೂ ಕೈಹಿಡಿದು ತೋರಿಸಿದ್ದಾರಾ.

ಮೇಡಂ, ನನ್ನ ಅನುಮಾನ ಒಂದಿದೆ. ಮೂರು ತಿಂಗಳು ಬರೀ ಎಣಿಸುತ್ತೇನೆ ಅಂತಿಟ್ಟುಕೊಳ್ಳಿ. ಒಬ್ಬರ ಟೊಂಕದ ಮೇಲೆ ಬಿಸಿ, ಗಟ್ಟಿ ಕೈಗೆ ಸಿಕ್ಕಿತು. ನಾನು ಬರೆದುಕೊಂಡು ಸುಮ್ಮನೆ ಮುಂದಿನ ಮಂಚಕ್ಕೆ ಹೋಗಬೇಕಾ? ಹೇಳಿದರೆ ಹುಣ್ಣು ಮುಂದುವರಿಯುವುದಿಲ್ಲ, ನನ್ನ ಲೆಕ್ಕ ಬದಲಾಗುತ್ತದೆ. ಹೇಳದಿದ್ದರೆ ನಾನು ನರ್ಸೇ ಅಲ್ಲ.

ಪಾಠದ_ಮೇಡಂ:

ಹೇಳಲೇಬೇಕು, ಆಗಲೇ, ಅಲ್ಲೇ. ಡ್ಯೂಟಿ ಸಿಸ್ಟರ್‌ಗೂ ಹೇಳು, ಮನೆಯವರಿಗೂ ಹೇಳು. ಲೆಕ್ಕ ಬದಲಾದರೆ ಬದಲಾಗಲಿ. ಯಾವ ದಿನ ಕಂಡಿತು, ಯಾರಿಗೆ ಹೇಳಿದೆ, ಆಮೇಲೆ ಏನಾಯಿತು ಅಂತ ಬರೆದಿಡು. ಮೊದಲ ಹಂತದವರನ್ನು ಬೇರೆ ಪಟ್ಟಿಯಲ್ಲಿ ಇಟ್ಟರೆ, ಹೇಳಿದ ಮೇಲೆ ಎಷ್ಟು ಜನರದ್ದು ಅಲ್ಲಿಗೇ ನಿಂತಿತು ಅನ್ನುವುದೇ ನಿನ್ನ ಥೀಸಿಸ್‌ನ ಒಳ್ಳೆಯ ಭಾಗ ಆಗಬಹುದು. ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೇ ಇದನ್ನು ಬರೆ.

ಒಪ್ಪಿಗೆಯ ವಿಷಯ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಸಂಶೋಧನಾ ನೀತಿಯ ಮಾರ್ಗಸೂಚಿ ಓದು. ಪ್ರಜ್ಞೆ ಇಲ್ಲದವರ ಪರವಾಗಿ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಮಾಡಬಹುದು. ಓದಲು ಬರದವರಿಗೆ ಪೂರ್ತಿ ಓದಿ ಹೇಳಿ, ಸ್ಟಡಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿಯ ಎದುರು ಹೆಬ್ಬೆಟ್ಟು. ನಮ್ಮ ವಾರ್ಡಿಗೆ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವವರು ಬರುತ್ತಾರೆ, ಕನ್ನಡದ ಹಾಳೆ ಒಂದೇ ಸಾಲದು. ಅನುವಾದ ಮಾಡಿಸಿದ್ದನ್ನು ಇನ್ನೊಬ್ಬರಿಂದ ವಾಪಸ್ ಕನ್ನಡಕ್ಕೆ ಮಾಡಿಸಿ ನೋಡು, ಅರ್ಥ ಎಲ್ಲಿ ಜಾರಿದೆ ಅಂತ ಗೊತ್ತಾಗುತ್ತದೆ.

ಮನೆಯವರಿಗೆ ಕಲಿಸಿದ್ದರಿಂದ ಹುಣ್ಣು ಕಡಿಮೆ ಆಯಿತು ಅಂತ ಸಾಬೀತು ಮಾಡಲು ಮಾತ್ರ ಈಗ ಹೋಗಬೇಡ. ಬೇಸಿಗೆಯಲ್ಲಿ ಎಣಿಸಿ ಚಳಿಗಾಲದಲ್ಲಿ ಕಲಿಸಿದರೆ, ಕಡಿಮೆ ಆದದ್ದು ಬೆವರಾ ಕಲಿಕೆಯಾ ಅಂತ ಯಾರಿಗೆ ಗೊತ್ತು? ಇನ್ನೊಂದು ವಾರ್ಡಿನ ಜೊತೆ ಹೋಲಿಸೋಣ ಅಂದರೆ ಎರಡೂ ವಾರ್ಡಿನವರು ಹೊರಗಿನ ಚಹಾದ ಅಂಗಡಿಯಲ್ಲಿ ಭೇಟಿಯಾಗಿ ಎಲ್ಲ ಹೇಳಿಕೊಳ್ಳುತ್ತಾರೆ. ಮೊದಲು ನಂಬುವಂಥ ಒಂದು ಎಣಿಕೆ ಬರಲಿ.

ಬೀದರ್_ಅಕ್ಕ:

ಮೇಡಂ, ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಾಬೀತಾಗುವವರೆಗೆ ಕಲಿಸುವುದನ್ನು ಕಾಯಿಸಬಾರದು. ಥೀಸಿಸ್‌ನಲ್ಲಿ ಏನಾದರೂ ಬರೆಯಲಿ, ಮಂಚದ ಹತ್ತಿರ ಹೋದಾಗ ಸೀರೆ ಹಾಸುವುದನ್ನು ತೋರಿಸಿಯೇ ಬರಲಿ.

ಪಾಠದ_ಮೇಡಂ:

ಅಕ್ಕಾ, ತೋರಿಸಲಿ, ಬೇಡ ಅಂದವರು ಯಾರು. ತೋರಿಸಿದ್ದನ್ನೂ ಬರೆಯಲಿ ಅನ್ನುತ್ತಿದ್ದೇನೆ ಅಷ್ಟೆ.

ನೈಟ್_ಡ್ಯೂಟಿ:

ಸಿಸ್ಟರ್, ಫಾರ್ಮ್ ನೀವೇ ತುಂಬುತ್ತೀರಿ ಅಂದರೆ ನಮ್ಮಂಥ ವಾರ್ಡಿನವರಿಂದ ಅಡ್ಡಿ ಬರುವುದಿಲ್ಲ. ಆದರೆ ಒಂದು ಸಹಾಯ ಮಾಡಿ. ಈಗಿನ ಚಾರ್ಟಿನಲ್ಲಿ ಆಯಿತು ಅನ್ನುವ ಒಂದೇ ಮನೆ ಇದೆ. ಆಗಲಿಲ್ಲ, ಯಾಕೆ, ಅಂತ ಬರೆಯಲು ಜಾಗ ಕೇಳಿ. ಎಮರ್ಜೆನ್ಸಿ ಬಂತು, ಒಬ್ಬಳೇ ಇದ್ದೆ, ಪೇಶಂಟ್ ಬೇಡ ಅಂದರು. ಇದನ್ನು ಬರೆದರೆ ಬೈಗುಳ ಇಲ್ಲ ಅಂತ ಗೊತ್ತಾದರೆ ಸುಳ್ಳು ಟಿಕ್ ಯಾರೂ ಹಾಕುವುದಿಲ್ಲ. ನನ್ನ ಮಟ್ಟಿಗಂತೂ ಹಾಕುವುದಿಲ್ಲ.

ವಾರ್ಡ್_ಸಿಸ್ಟರ್ (ಕಲಬುರಗಿ):

ಆ ಮನೆ ಕೇಳಿಯೇ ಕೇಳುತ್ತೇನೆ. ಇವತ್ತು ಗೈಡ್ ಹತ್ತಿರ ಕೂತು ಒಂದು ತಾಸು ಮಾತಾಡಿದೆ. ಪಾಠದ ಥೀಸಿಸ್ ಬಿಟ್ಟು ಇದಕ್ಕೆ ಒಪ್ಪಿದ್ದಾರೆ, ಎರಡು ವಾರ್ಡ್ ಸಾಕು, ನಾಲ್ಕು ತಿಂಗಳು ಸಾಕು ಅಂದಿದ್ದಾರೆ. ಮೆಮೊ ಬಗ್ಗೆ ಅಕ್ಕ ಹೇಳಿದ ಮಾತನ್ನೂ ಅರ್ಜಿಯಲ್ಲಿ ಸೇರಿಸುತ್ತೇನೆ.

ಶಹಾಪುರದ ಅಣ್ಣಾ, ನಿಮಗೊಂದು ಪ್ರಶ್ನೆ. ಜೊತೆಗಿರುವವರಿಗಾಗಿ ಮಂಚಕ್ಕೆ ಒಂದು ಹಾಳೆ ಕಟ್ಟಬೇಕು ಅಂತಿದ್ದೇನೆ, ಯಾವ ಹೊತ್ತಿಗೆ ಯಾವ ಮಗ್ಗಲು ಅಂತ. ಎಡ, ಬಲ ಅಂತ ದೊಡ್ಡದಾಗಿ ಬರೆದರೆ ತಿಳಿಯುತ್ತದಾ?

ಶಹಾಪುರದ_ಮಗ:

ಎಡ ಬಲ ಬೇಡ ಸಿಸ್ಟರ್. ಅವ್ವನ ಎಡವೋ ನನ್ನ ಎಡವೋ ಅಂತ ಅಕ್ಕನೂ ನಾನೂ ಜಗಳ ಆಡಿದ್ದೇವೆ, ರಾತ್ರಿ ನಿದ್ದೆಗಣ್ಣಲ್ಲಿ ಇನ್ನೂ ಕಷ್ಟ. ಮುಖ ಬಾಗಿಲ ಕಡೆ, ಮುಖ ಕಿಟಕಿ ಕಡೆ, ಮುಖ ಮೇಲೆ ಅಂತ ಚಿತ್ರ ಬರೆಯಿರಿ. ಓದಲು ಬರದವರಿಗೂ ಬಾಗಿಲು, ಕಿಟಕಿ, ಫ್ಯಾನ್ ಗೊತ್ತಾಗುತ್ತದೆ. ಹಾಳೆಯ ಕೆಳಗೆ ಇನ್ನೊಂದು ಜಾಗ ಬಿಡಿ, ಊರಿಗೆ ಹೋಗುವವರು ಬಂದವರಿಗೆ ತೋರಿಸಿಕೊಟ್ಟೆ ಅಂತ ಹೆಬ್ಬೆಟ್ಟು ಒತ್ತಿ ಹೋಗಲಿ. ಹಾಳೆ ತಯಾರಾದ ಮೇಲೆ ಇಲ್ಲಿ ಹಾಕಿ, ಅವ್ವನಿಗೆ ತೋರಿಸಿ ಅವಳಿಗೆ ತಿಳಿಯುತ್ತದಾ ಅಂತ ಹೇಳುತ್ತೇನೆ.